ಕೆಲಸ ಬಿಡದವರೆಲ್ಲ ‘ನಮ್ಮ ಕಂಪನಿ’ ಅನ್ನುತ್ತಾರಾ?

ಲಾಭ ಹೆಚ್ಚಿಸುವುದೇ ವ್ಯವಹಾರದ ಸಾಮಾಜಿಕ ಹೊಣೆ ಅಂತ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ 1970ರಲ್ಲಿ ಬರೆದದ್ದು ಎಲ್ಲರೂ ಓದಿರುತ್ತೀರಿ, ಅದನ್ನು ಬಿಡೋಣ. ನಾನು ಎಡವಿದ್ದು ಪಾಠದ ಈ ಪ್ರಶ್ನೆಯಲ್ಲಿ: ‘ಲಾಭವೇ ಗುರಿಯಾದ ಕಚೇರಿ, ಕೆಲಸ ಬಿಡುವವರು ಕಡಿಮೆ. ಸಿಬ್ಬಂದಿಗೆ ಅಲ್ಲಿ ತಮ್ಮತನ, ಅಂದರೆ ಇದು ನಮ್ಮದು ಅನ್ನುವ ಭಾವ, ಇದೆಯೇ?’ ‘ಇದೆ’ ಅಂತ ಬರೆದೆ. ತಪ್ಪು.

ಕೆಲಸದ ಜಾಗದ ಮೇಲಿನ ಬದ್ಧತೆಯಲ್ಲಿ ಮೂರು ಬಗೆ ಅಂತ ಸಂಶೋಧಕರಾದ ಮೇಯರ್ ಮತ್ತು ಅಲೆನ್ 1991ರಲ್ಲಿ ಹೇಳಿದ್ದಾರೆ. ಪುಸ್ತಕದ ಹೆಸರುಗಳು ನನ್ನ ತಲೆಯಲ್ಲಿ ನಿಲ್ಲಲಿಲ್ಲ, ಹೀಗೆ ಬರೆದುಕೊಂಡೆ: ‘ಇರೋಣ ಅನಿಸುತ್ತೆ’, ‘ಇರದೆ ಗತಿಯಿಲ್ಲ’, ‘ಬಿಟ್ಟರೆ ತಪ್ಪಾಗುತ್ತೆ’. ತಮ್ಮತನ ಇರುವುದು ಮೊದಲನೆಯದರಲ್ಲಿ. ವರ್ಷದ ಕೊನೆಗೆ ಸಿಗುವ ಬೋನಸ್, ತಲೆಯ ಮೇಲಿನ ಸಾಲದ ಕಂತು ಇವೆಲ್ಲ ಗಟ್ಟಿ ಮಾಡುವುದು ಎರಡನೆಯದನ್ನು. ಹಾಜರಿ ಪಟ್ಟಿಯಲ್ಲಿ ಮಾತ್ರ ಮೂವರೂ ಒಂದೇ ಥರ ಕಾಣುತ್ತಾರೆ. ನಾನು ಮೋಸಹೋದದ್ದು ಅಲ್ಲೇ.

ಹಾಗಾದರೆ ಲಾಭ ನೋಡಿದರೆ ಸಾಕು, ತಮ್ಮತನ ಹೋಗುತ್ತದಾ? ಇಲ್ಲ, ನಡುವೆ ಒಂದು ಕೊಂಡಿ ಇದೆ. ಮನೋವಿಜ್ಞಾನಿಗಳಾದ ಕ್ಲಾರ್ಕ್ ಮತ್ತು ಮಿಲ್ಸ್ 1979ರಲ್ಲಿ ಸಂಬಂಧಗಳನ್ನು ಎರಡಾಗಿ ಬೇರ್ಪಡಿಸಿದರು: ಕೊಟ್ಟು-ತೆಗೆದುಕೊಳ್ಳುವ ಲೆಕ್ಕದ್ದು, ಲೆಕ್ಕವಿಡದೆ ಒಬ್ಬರಿಗೊಬ್ಬರು ಆಗುವಂಥದ್ದು. ಶುರುವಿನಿಂದಲೂ ಲೆಕ್ಕದ ಸಂಬಂಧವೇ ಆಗಿದ್ದರೆ ಯಾರಿಗೂ ಅಷ್ಟು ನೋವಿಲ್ಲ. ದುಡಿದೆ, ದುಡ್ಡು ತಗೊಂಡೆ. ನಷ್ಟದ ವರ್ಷ ‘ನಾವೆಲ್ಲ ಒಂದೇ ಮನೆಯವರು, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದವರೇ ಲಾಭದ ವರ್ಷ ‘ಇದು ಬಿಸಿನೆಸ್ಸು’ ಅಂದರೆ ಚುಚ್ಚುತ್ತದೆ. ಸಂಶೋಧಕಿ ಡೆನಿಸ್ ರೂಸೋ 1989ರಲ್ಲಿ ವಿವರಿಸಿದ ‘ಮಾನಸಿಕ ಒಪ್ಪಂದ’ ಮುರಿಯುವುದು ಇಲ್ಲೇ. ಕಾಗದದಲ್ಲಿ ಎಲ್ಲೂ ಇರದ ಮಾತು, ಆದರೆ ಕೊಟ್ಟಿದ್ದಾರೆ ಅಂತ ನಾವು ನಂಬಿದ್ದು.

ನಾನೇ ಕಂಡದ್ದು: ಹಿಂದಿನ ಕೆಲಸದಲ್ಲಿ ಮ್ಯಾನೇಜರ್ ಸ್ಕ್ರೀನ್ ಶೇರ್ ಮಾಡಿದ ಎಕ್ಸೆಲ್ ಶೀಟಿನಲ್ಲಿ ನಮ್ಮ ಟೀಮಿನ ಮುಂದೆ ಜನರ ಲೆಕ್ಕ ‘6.5’ ಅಂತಿತ್ತು. ಆ ಅರ್ಧ ಯಾರಪ್ಪಾ ಅಂತ ಊಟದ ಹೊತ್ತಿನಲ್ಲಿ ಬಿದ್ದು ಬಿದ್ದು ನಕ್ಕೆವು. ಆಮೇಲೆ ನಮ್ಮ ಮಾತಿನಲ್ಲಿ ‘ನಮ್ಮ ಕಂಪನಿ’ ಹೋಗಿ ‘ಕಂಪನಿಯವರು’ ಬಂತು. ಸಮೀಕ್ಷೆಯ ಹತ್ತು ಪ್ರಶ್ನೆಗಿಂತ ಈ ಪದ ಬದಲಾಗುವುದನ್ನೇ ನಾನು ಹೆಚ್ಚು ನಂಬುತ್ತೇನೆ.

ಇನ್ನೊಂದು, ಬೇಗ: ಅಮೆರಿಕದ ಜನರಲ್ ಎಲೆಕ್ಟ್ರಿಕ್ (ಜಿಇ) ಕಂಪನಿಯಲ್ಲಿ ಅದರ ಮುಖ್ಯಸ್ಥನಾಗಿದ್ದ ಜಾಕ್ ವೆಲ್ಚ್ ತಂದ 20-70-10 ಶ್ರೇಯಾಂಕ: ಸಿಬ್ಬಂದಿಯಲ್ಲಿ ಶೇಕಡಾ 20 ಮೇಲಿನವರು, 70 ನಡುವಿನವರು, 10 ಕೊನೆಯವರು. ಆ ಕೊನೆಯ ಶೇಕಡಾ 10ಕ್ಕೆ ಸೇರಿದವರು ಹೊರಹೋಗಬೇಕಿತ್ತು. ಇಲ್ಲಿ ಕೆಡುವುದು ಮೇಲಿನವರ ಜೊತೆಗಿನ ನಂಟಷ್ಟೇ ಅಲ್ಲ. ಪಕ್ಕದ ಸೀಟಿನವನಿಗೆ ಕೆಲಸ ಹೇಳಿಕೊಟ್ಟರೆ ನನ್ನ ಸ್ಥಾನವೇ ಕೆಳಗಿಳಿಯಬಹುದು, ಯಾರು ಹೇಳಿಕೊಡುತ್ತಾರೆ?