ಗೋಡೆ ಮರೆಗೆ ಹೋದರೂ ಗುಂಡು ಬೀಳುವುದೇಕೆ?

ಗೇಮ್ ಲ್ಯಾಗ್ ಆಗ್ತಿದೆ, ತಡವರಿಸ್ತಿದೆ ಅಂದರೆ ಸಾಕು, '100 ಎಂಬಿಪಿಎಸ್ ಇಂಟರ್ನೆಟ್ ಬಿಡು, 300ರ ಪ್ಲಾನ್ ಹಾಕಿಸ್ಕೋ' ಎನ್ನುವವರಿಗೆ ಬರವಿಲ್ಲ. ಮನೆಯಲ್ಲಿ ಇನ್ಯಾರೋ ದೊಡ್ಡ ಡೌನ್‌ಲೋಡ್ ಹಾಕಿದ್ದರೆ ಮಾತು ಬೇರೆ. ಇಲ್ಲವಾದರೆ ಸುಮ್ನೆ ದುಡ್ಡು ದಂಡ. ಶೂಟಿಂಗ್ ಗೇಮ್ ಆಡುವಾಗ ಓಡಾಡುವ ಡೇಟಾ ತೀರಾ ಕಡಿಮೆ. ಅಲ್ಲಿ ಲೆಕ್ಕಕ್ಕೆ ಬರುವುದು ಪಿಂಗ್, ಅಂದರೆ ಆಟ ನಡೆಸುವ ದೂರದ ಕಂಪ್ಯೂಟರ್ ಆದ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಹೊತ್ತು.

ಫೈಬರ್‌ನ ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಸರ್ವರ್ ಸಿಂಗಪುರದಲ್ಲಿದೆ ಅಂದುಕೊಳ್ಳಿ, ಬೆಂಗಳೂರಿನಿಂದ ಅಲ್ಲಿಗೆ ನೇರ ಅಳೆದರೂ 3,000 ಕಿ.ಮೀ.ಗಿಂತ ಜಾಸ್ತಿ. ಹೋಗಿ ಬರಲು 30 ಮಿಲಿಸೆಕೆಂಡ್ ಬೇಕೇ ಬೇಕು. ಯಾವ ಪ್ಲಾನ್ ಹಾಕಿಸಿದರೂ ಇದು ಇಳಿಯುವುದಿಲ್ಲ. ಇಳಿಯಬೇಕಾದರೆ ಸರ್ವರೇ ಹತ್ತಿರ, ಮುಂಬೈಗೆ ಬರಬೇಕು.

ಉಳಿದ ತಡವನ್ನು ಬಚ್ಚಿಡುವುದೊಂದೇ ದಾರಿ. 1996ರಲ್ಲಿ 'ಕ್ವೇಕ್' ಎಂಬ ಶೂಟಿಂಗ್ ಗೇಮ್ ಬಂದಾಗ ಫೋನ್ ಲೈನಿಗೆ ಮೋಡೆಮ್ ಹಾಕಿ ಆಡುವವರ ಪಾಡು ಕೇಳಬೇಡಿ. ಕೀ ಒತ್ತಿ, ಸರ್ವರ್ ಹೂಂ ಅನ್ನುವವರೆಗೆ ಕಾಯಬೇಕಿತ್ತು. ಅದೇ ವರ್ಷ ಆ ಗೇಮಿನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್, ಇಂಟರ್ನೆಟ್ ಆಟಕ್ಕೆಂದೇ ಮಾಡಿದ ಅದರ ಆವೃತ್ತಿ 'ಕ್ವೇಕ್‌ವರ್ಲ್ಡ್'ನಲ್ಲಿ ಇದನ್ನು ಬದಲಿಸಿದರು. ಕೀ ಒತ್ತಿದ ಕೂಡಲೇ ನಿಮ್ಮ ಕಂಪ್ಯೂಟರ್ ನಿಮ್ಮನ್ನು ಓಡಿಸಿಬಿಡುತ್ತದೆ, ಸರ್ವರ್‌ನ ಉತ್ತರ ಬಂದಮೇಲೆ ತಪ್ಪಿದ್ದರೆ ತಿದ್ದಿಕೊಳ್ಳುತ್ತದೆ. ಆಟದ ನಡುವೆ ನಿಮ್ಮ ಆಟಗಾರ ತಟಕ್ಕನೆ ಹಿಂದಕ್ಕೆ ಜಿಗಿಯುತ್ತಾನಲ್ವಾ, ಅದೇ ಈ ತಿದ್ದುಪಡಿ.

ಆದರೆ ಶತ್ರು ಮುಂದೇನು ಮಾಡುತ್ತಾನೆ ಎಂದು ನಿಮ್ಮ ಕಂಪ್ಯೂಟರಿಗೆ ಗೊತ್ತಿಲ್ಲ. ಪಿಂಗ್ 100 ಮಿಲಿಸೆಕೆಂಡ್ ಅಂದುಕೊಳ್ಳಿ. ಅವನ ಸುದ್ದಿ ನಿಮಗೆ ಬರಲು 50, ನಿಮ್ಮ ಗುಂಡಿನ ಸುದ್ದಿ ಸರ್ವರ್‌ಗೆ ಮುಟ್ಟಲು ಇನ್ನೊಂದು 50. ಸೆಕೆಂಡಿಗೆ 5 ಮೀಟರ್ ಓಡುವವನು ಅಷ್ಟರಲ್ಲಿ ಅರ್ಧ ಮೀಟರ್ ದಾಟಿರುತ್ತಾನೆ. ಸರಿಯಾಗಿ ತಲೆಗೇ ಗುರಿಯಿಟ್ಟರೂ ಗುಂಡು ಖಾಲಿ ಜಾಗಕ್ಕೆ.

ಇದಕ್ಕೆ 'ಕೌಂಟರ್-ಸ್ಟ್ರೈಕ್'ನಂಥ ಗೇಮ್‌ಗಳು ಹೂಡಿದ ಉಪಾಯ ನನಗೆ ಭಾರೀ ಇಷ್ಟ. ಕಳೆದ ಕೆಲವು ಕ್ಷಣಗಳಲ್ಲಿ ಯಾರು ಎಲ್ಲಿದ್ದರು ಎಂಬ ದಾಖಲೆಯನ್ನು ಸರ್ವರ್ ಇಟ್ಟುಕೊಂಡಿರುತ್ತದೆ. ನಿಮ್ಮ ಗುಂಡು ಬಂದಾಗ ಥರ್ಡ್ ಅಂಪೈರ್ ರೀಪ್ಲೇ ನೋಡುವ ಹಾಗೆ, ನೀವು ಟ್ರಿಗರ್ ಒತ್ತಿದಾಗ ನಿಮ್ಮ ಪರದೆಯಲ್ಲಿ ಏನಿತ್ತೋ ಅಲ್ಲಿಗೆ ಎಲ್ಲರನ್ನೂ ಹಿಂದಕ್ಕೆ ಸರಿಸುತ್ತದೆ. ತಗಲಿತೇ ಎಂದು ನೋಡಿ, ಮತ್ತೆ ಈಗಿನ ಜಾಗಕ್ಕೆ ತಂದು ನಿಲ್ಲಿಸುತ್ತದೆ.

ಅತ್ತ ಸತ್ತವನು ಆಗಲೇ ಗೋಡೆ ಮರೆಗೆ ಸೇರಿಯಾಗಿದೆ! ಅವನು 'ಹ್ಯಾಕರ್, ಹ್ಯಾಕರ್' ಎಂದು ಕೂಗುತ್ತಾನೆ, ಪಾಪ. ಅವನ ಪರದೆಯಲ್ಲಿ ಅವನು ಹೇಳುವುದೂ ನಿಜವೇ. ಇಬ್ಬರಲ್ಲಿ ಒಬ್ಬರಿಗೆ ಅನ್ಯಾಯ ಆಗಲೇಬೇಕು. ಗೇಮ್ ಮಾಡುವವರು ಗುರಿಯಿಟ್ಟವನ ಪರ ನಿಂತಿದ್ದಾರೆ. ಹಾಗಂತ ಎಷ್ಟು ಹಿಂದಕ್ಕೆ ಬೇಕಾದರೂ ಹೋಗುವಂತಿಲ್ಲ, ಅದಕ್ಕೊಂದು ಮಿತಿ ಹಾಕಿರುತ್ತಾರೆ. ಇಲ್ಲದಿದ್ದರೆ ಗೆಲ್ಲಲೆಂದೇ ಪಿಂಗ್ ಏರಿಸಿಕೊಂಡು ಆಡುವವರು ಹುಟ್ಟಿಕೊಳ್ಳುತ್ತಾರೆ.