"ಸ್ವಲ್ಪ ಹಳೇದಾಗಿ ಕಾಣ್ಲಿ ಸಾರ್"

ಹಳೆಯ ಪುಸ್ತಕಗಳೊಳಗಿನ ಚಿತ್ರಗಳನ್ನು ಕೈಯಲ್ಲೇ ನಕಲು ಮಾಡಿಕೊಡುವುದು ನನ್ನ ಕಸುಬು. ಕಾಲೇಜಿನವರು, ನಿವೃತ್ತರಾಗುವ ಮೇಷ್ಟ್ರಿಗೆ ಉಡುಗೊರೆ ಹುಡುಕುವವರು ಜಾಸ್ತಿ ಕೇಳುವುದು ಒಂದೇ ಚಿತ್ರವನ್ನು: ಇಟಲಿಯ ಬೊಲೋನ್ಯಾ ವಿಶ್ವವಿದ್ಯಾಲಯದ ಒಂದು ತರಗತಿ. ಹದವಾದ ಚರ್ಮದ ಹಾಳೆಯ ಮೇಲೆ 14ನೇ ಶತಮಾನದಲ್ಲಿ ಲೌರೆಂಟಿಯಸ್ ದೆ ವೊಲ್ತೊಲಿನಾ ಎಂಬ ಚಿತ್ರಕಾರ ಬರೆದದ್ದು. ಈಗ ಬಿಡಿ ಹಾಳೆಯಾಗಿ ಬರ್ಲಿನ್‌ನಲ್ಲಿದೆ. ಎತ್ತರದ ಪೀಠದಲ್ಲಿ ಮೇಷ್ಟ್ರು, ಎದುರಿಗೆ ಸಾಲು ಬೆಂಚು. ಕೆಲವರು ಪುಸ್ತಕ ನೋಡುತ್ತಿದ್ದಾರೆ, ಹಿಂದಿನವರು ಹರಟುತ್ತಿದ್ದಾರೆ, ಒಬ್ಬ ತಲೆಗೆ ಕೈ ಕೊಟ್ಟು ನಿದ್ದೆ ಹೊಡೆಯುತ್ತಿದ್ದಾನೆ.

ಅಡ್ವಾನ್ಸ್ ಕೊಟ್ಟು, ಚಪ್ಪಲಿ ಮೆಟ್ಟಿಕೊಳ್ಳುವಾಗ ಹೇಳುತ್ತಾರೆ: "ಸ್ವಲ್ಪ ಹಳೇದಾಗಿ ಕಾಣ್ಲಿ ಸಾರ್. ಟೀ ಡಿಕಾಕ್ಷನ್ ಹಾಕ್ತಾರಂತಲ್ಲ?"

ಹಾಕುವುದಿಲ್ಲ. ಯಾಕೆ ಅಂತ ಇವತ್ತು ಬರೆದೇ ಬಿಡುತ್ತೇನೆ.

ಹಳೆಯದೆಲ್ಲ ಕಂದು ಬಣ್ಣಕ್ಕಿರುತ್ತದೆ ಎಂಬ ನಂಬಿಕೆ ನಮಗೆ ಬೇರೆ ಕಡೆಯಿಂದ ಬಂದಿದೆ. ಎಣ್ಣೆ ಬಣ್ಣದ ಚಿತ್ರಕ್ಕೆ ವಾರ್ನಿಷ್ ಬಳಿದಿರುತ್ತಾರೆ, ಅದು ಹಳದಿಯಾಗುತ್ತದೆ. ಅಜ್ಜನ ಮದುವೆ ಫೋಟೊ ಮಾಸುತ್ತದೆ. ಮರದ ತಿರುಳಿನ ಅಗ್ಗದ ಕಾಗದ ಕೆಂಪಗಾಗಿ ಮುಟ್ಟಿದರೆ ಮುರಿಯುತ್ತದೆ. ಪುಸ್ತಕದ ಚಿತ್ರಕ್ಕೆ ಇದು ಯಾವುದೂ ಅನ್ವಯಿಸುವುದಿಲ್ಲ. ಅದಕ್ಕೆ ವಾರ್ನಿಷ್ ಇಲ್ಲ. ಹಾಳೆ ಚರ್ಮದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಪುಸ್ತಕ ಮುಚ್ಚಿರುತ್ತದೆ. ಬಣ್ಣವನ್ನು ತಿನ್ನುವುದು ವಯಸ್ಸಲ್ಲ, ಬೆಳಕು. ಆರುನೂರು ವರ್ಷದಲ್ಲಿ ಒಂದು ಪುಟ ಬೆಳಕು ಕಂಡದ್ದು ಎಷ್ಟು ಹೊತ್ತು, ಹೇಳಿ? ನಿಮ್ಮ ಹಾಲ್‌ನ ಗೋಡೆ ಒಂದೇ ಬೇಸಿಗೆಯಲ್ಲಿ ಅದಕ್ಕಿಂತ ಜಾಸ್ತಿ ಬಿಸಿಲು ಕಂಡಿರಬಹುದು. ಅದಕ್ಕೇ ಆ ಕಾಲದ ಪುಸ್ತಕಗಳಲ್ಲಿ ಇಂಗಲೀಕದ ಕೆಂಪು, ಅಫ್ಘಾನಿಸ್ತಾನದ ಬದಖ್ಶಾನ್ ಕಲ್ಲಿನಿಂದ ತೆಗೆದ ನೀಲಿ ಇವತ್ತಿಗೂ ಕಣ್ಣಿಗೆ ಹೊಡೆಯುತ್ತವೆ.

ನಂಬಿಕೆ ಬರದಿದ್ದರೆ ಇನ್ನೊಂದು ಉದಾಹರಣೆ. ಲಂಡನ್‌ನ ಪ್ರಕಾಶಕ ರುಡಾಲ್ಫ್ ಆಕರ್‌ಮನ್ 1814ರಲ್ಲಿ ಆಕ್ಸ್‌ಫರ್ಡ್ ಬಗ್ಗೆ, 1815ರಲ್ಲಿ ಕೇಂಬ್ರಿಜ್ ಬಗ್ಗೆ ದೊಡ್ಡ ಪುಸ್ತಕಗಳನ್ನು ತಂದ. ಕಾಲೇಜು ಕಟ್ಟಡಗಳು, ನಿಲುವಂಗಿ ತೊಟ್ಟ ಪ್ರೊಫೆಸರುಗಳು. ತಾಮ್ರದ ತಗಡಿನಿಂದ ಅಚ್ಚು ತೆಗೆದು, ಮೇಲೆ ಕೈಯಿಂದ ಬಣ್ಣ ಹಾಕಿಸಿದ್ದು. ಆಮೇಲೆ ವ್ಯಾಪಾರಿಗಳು ಎಷ್ಟೋ ಪ್ರತಿಗಳ ಹೊಲಿಗೆ ಬಿಚ್ಚಿ ಹಾಳೆಗಳನ್ನು ಬಿಡಿಬಿಡಿಯಾಗಿ ಮಾರಿದರು. (ಪಾಪದ ಕೆಲಸ, ಆದರೆ ನಮ್ಮಂಥವರಿಗೆ ಅದರಿಂದ ಒಂದು ಪಾಠ ಸಿಕ್ಕಿತು.) ಪುಸ್ತಕದೊಳಗೇ ಉಳಿದ ಹಾಳೆಯಲ್ಲಿ ಆಕಾಶ ಇನ್ನೂ ಆಕಾಶದ ಹಾಗಿರುತ್ತದೆ. ಕಿಟಕಿ ಪಕ್ಕ ಫ್ರೇಮಿನಲ್ಲಿ ತೂಗಿದ ಅದೇ ಹಾಳೆ ಪೇಲವವಾಗಿರುತ್ತದೆ. ವಯಸ್ಸು ಎರಡಕ್ಕೂ ಒಂದೇ.

ಹಾಗಂತ ಎಲ್ಲ ಬಣ್ಣವೂ ಉಳಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಗಿಡಮರಗಳಿಂದ ತೆಗೆದ ಗುಲಾಬಿ ಬಣ್ಣಗಳು ಬೇಗ ಮಾಸುತ್ತವೆ. ಸೀಸದ ಬಿಳುಪು ಕೆಲವು ಸಲ ಕಪ್ಪಾಗುತ್ತದೆ. ತಾಮ್ರದ ಕಿಲುಬಿನ ಹಸಿರು ಹಾಳೆಯನ್ನೇ ತಿನ್ನಬಹುದು. ಆದರೆ ಇವು ಒಂದೊಂದು ಬಣ್ಣಕ್ಕೆ ಒಂದೊಂದು ರೀತಿ ಆಗುವ ಹಾನಿ. ಇಡೀ ಹಾಳೆಗೆ ಟೀ ಚೆಲ್ಲಿದ ಹಾಗೆ ಆಗುವುದಲ್ಲ.

ನಾನು ಮೊದಲು ಕಲಿತದ್ದು ಮೈಸೂರು ಶೈಲಿ. ಅಲ್ಲಿ ಮಕ್ಕಿ ಸಫೇದ ಎಂಬ ಲೇಪವನ್ನು ಉಬ್ಬಾಗಿ ಎತ್ತಿ, ಮೇಲೆ ಚಿನ್ನದ ರೇಕು ಕೂರಿಸುತ್ತೇವೆ. ಆ ಚಿನ್ನ ಮಂಕಾಗಿರಲಿ ಎಂದು ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ. ಯುರೋಪಿನ ಚಿತ್ರ ಎಂದ ತಕ್ಷಣ ಯಾಕೋ ಎಲ್ಲರಿಗೂ ಕೊಳೆಯೇ ಬೇಕು.

ಒಂದು ಕಾಲೇಜಿನವರು ಸ್ಟಾಫ್ ರೂಮಿಗೆಂದು ಇದೇ ಬೊಲೋನ್ಯಾ ಚಿತ್ರ ಬರೆಸಲು ಬಂದಿದ್ದರು. ಪ್ರಿನ್ಸಿಪಾಲರಿಗೆ ಟೀ ಗೊಡವೆ ಇರಲಿಲ್ಲ, ನಿದ್ದೆಗಣ್ಣಿನವನದೇ ಚಿಂತೆ. "ಇವನನ್ನ ಎಬ್ಬಿಸೋಕಾಗಲ್ವಾ? ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಸಮಿತಿಯವರು ಬಂದಾಗ ನೋಡ್ತಾರೆ" ಎಂದರು. ಜೊತೆಗಿದ್ದ ಹಿರಿಯ ಮೇಷ್ಟ್ರು, "ಇರ್ಲಿ ಬಿಡಿ ಸಾರ್, ಹಾಜರಿಯಂತೂ ಇದೆಯಲ್ಲ" ಎಂದರು. ಅವರ ಮೇಲೆ ನನಗೆ ಭಾರಿ ಪ್ರೀತಿ ಬಂತು. ಹುಡುಗ ಮಲಗಿಯೇ ಇದ್ದಾನೆ.

ಟೀ ಬೇಡ ಎನ್ನಲು ಇನ್ನೆರಡು ಕಾರಣಗಳಿವೆ. ಟೀಯಲ್ಲಿರುವ ಹುಳಿ ಕಾಗದವನ್ನು ನಿಧಾನಕ್ಕೆ ದುರ್ಬಲ ಮಾಡುತ್ತದೆ. ಜೊತೆಗೆ, ಹಳೆಯದಾಗಿ ಕಾಣುವ ಹೊಸ ಚಿತ್ರವನ್ನು ಮುಂದೆ ಯಾರೋ ಹಳೆಯದೆಂದೇ ಮಾರಬಹುದು. ಮೂಲ ಚಿತ್ರ ಸುಮಾರು 18 ಸೆಂ.ಮೀ.ಗೆ 22 ಸೆಂ.ಮೀ. ಇದೆ. ನಾನು ಬೇಕೆಂದೇ ಬೇರೆ ಅಳತೆಯಲ್ಲಿ ಬರೆಯುತ್ತೇನೆ. ಹಿಂದೆ ನನ್ನ ಹೆಸರು, ಇಸವಿ, "ನಕಲು" ಎಂಬ ಮಾತು ಇರುತ್ತವೆ. ಫ್ರೇಮ್ ಹಾಕುವವರಿಗೆ ಅದರ ಮೇಲೆ ಟೇಪ್ ಅಂಟಿಸಬೇಡಿ ಎಂದು ಹೇಳಿ. ಗಾಜಿಗೆ ಚಿತ್ರ ತಾಗದ ಹಾಗೆ ಸುತ್ತ ಮೌಂಟ್ ಹಾಕಿಸಿ. ಬಿಸಿಲು ಬೀಳುವ ಗೋಡೆಯೊಂದನ್ನು ಬಿಟ್ಟು ಬೇರೆ ಎಲ್ಲಾದರೂ ತೂಗುಹಾಕಿ.