ಕ್ಲೋರಾಂಫೆನಿಕಾಲ್‌ನಿಂದ ಅಜಿತ್ರೋಮೈಸಿನ್‌ವರೆಗೆ: ಟೈಫಾಯಿಡ್ ಔಷಧಗಳು ಸೋಲುತ್ತಾ ಬಂದ ಬಗೆ

1948ರಲ್ಲಿ ಅಮೆರಿಕದ ಥಿಯೊಡೋರ್ ವುಡ್‌ವರ್ಡ್ ಮತ್ತು ಸಂಗಡಿಗರು ಕ್ಲೋರಾಂಫೆನಿಕಾಲ್ ಎಂಬ ಹೊಸ ಔಷಧ ಹಿಡಿದು ಕೌಲಾಲಂಪುರಕ್ಕೆ ಹೋದದ್ದು ಸ್ಕ್ರಬ್ ಟೈಫಸ್ ಜ್ವರಕ್ಕೆ ಅದು ನಾಟುತ್ತದೆಯೇ ಎಂದು ನೋಡಲು. ಅಲ್ಲಿ ಸ್ಕ್ರಬ್ ಟೈಫಸ್ ಎಂದುಕೊಂಡು ಔಷಧ ಕೊಟ್ಟ ಕೆಲವರಿಗೆ ಇದ್ದದ್ದು ಟೈಫಾಯಿಡ್ ಎಂದು ಆಮೇಲೆ ತಿಳಿಯಿತು. ವಾರಗಟ್ಟಲೆ ಕಾಡಬೇಕಿದ್ದ ಅವರ ಜ್ವರವೂ ಮೂರ್ನಾಲ್ಕು ದಿನಗಳಲ್ಲಿ ಇಳಿದಿತ್ತು. ಅಲ್ಲಿಯವರೆಗೆ ಟೈಫಾಯಿಡ್ ಹಿಡಿದ ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿ ಸಾಯುತ್ತಿದ್ದರು. ಸಾಮಾನ್ಯವಾಗಿ ಮೂರನೆಯ ವಾರದಲ್ಲಿ ಸಣ್ಣ ಕರುಳು ತೂತಾಗಿಯೋ ಒಳಗೇ ರಕ್ತ ಸೋರಿಯೋ ಪ್ರಾಣ ಹೋಗುತ್ತಿತ್ತು. ಅದೃಷ್ಟವಶಾತ್ ದಕ್ಕಿದ ಈ ಔಷಧ ಮುಂದಿನ ಕಾಲು ಶತಮಾನ ಟೈಫಾಯಿಡ್‌ಗೆ ಮೊದಲ ಮದ್ದಾಗಿ ನಿಂತಿತು.

ಅದು ಕೈಕೊಟ್ಟ ಸುದ್ದಿ ದೊಡ್ಡದಾಗಿ ಬಂದದ್ದು 1972ರಲ್ಲಿ, ಮೆಕ್ಸಿಕೊದಿಂದ. ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಹಬ್ಬಿದ ಟೈಫಾಯಿಡ್ ಕ್ಲೋರಾಂಫೆನಿಕಾಲ್‌ಗೆ ಬಗ್ಗಲಿಲ್ಲ. ಅದೇ ವರ್ಷ ನಮ್ಮ ಪಕ್ಕದ ಕೋಳಿಕ್ಕೋಡಿನಲ್ಲೂ ಇಂಥದೇ ಟೈಫಾಯಿಡ್ ಕಾಣಿಸಿಕೊಂಡಿತು. ಅಲ್ಲಿನ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರಜ್ಞ ಸಿ.ಕೆ. ಜಯರಾಂ ಪಣಿಕ್ಕರ್ ಮತ್ತು ಕೆ.ಎನ್. ವಿಮಲಾ ಬರೆದ ಪುಟ್ಟ ವರದಿಯನ್ನು 'ನೇಚರ್' ಪತ್ರಿಕೆ ಪ್ರಕಟಿಸಿತು. ಔಷಧಕ್ಕೆ ಮಣಿಯದ ಟೈಫಾಯಿಡ್ ಬಂದಿದೆ ಎಂಬುದಷ್ಟೇ ಅದರ ವಿಷಯವಾಗಿರಲಿಲ್ಲ. ಆ ಗುಣ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು ಎಂದು ಅದು ತೋರಿಸಿತ್ತು. ಭಾರತದ ಟೈಫಾಯಿಡ್ ಚರಿತ್ರೆಯಲ್ಲಿ ಈ ವರದಿಗೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಮುಂದಿನ ಐವತ್ತು ವರ್ಷಗಳಲ್ಲಿ ಆದದ್ದರ ಬೀಜ ಅದರಲ್ಲೇ ಇತ್ತು.

ದಾಟುವುದು ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರ. ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿಗೆ ಸೇರದೆ ಪ್ರತ್ಯೇಕವಾಗಿ ಇರುವಂಥದು. ಟೈಫಾಯಿಡ್‌ನಲ್ಲಿ ಮುಖ್ಯವಾದದ್ದು ಇಂಕ್-ಎಚ್ಐ1 ಎಂಬ ಗುಂಪಿನ, ಸುಮಾರು ಎರಡು ಲಕ್ಷ ಅಕ್ಷರಗಳಷ್ಟು ಉದ್ದದ ಪ್ಲಾಸ್ಮಿಡ್. ಅದರ ಮೇಲಿರುವ ಒಂದು ಜೀನ್ ತಯಾರಿಸುವ ಕಿಣ್ವ ಕ್ಲೋರಾಂಫೆನಿಕಾಲ್ ಅಣುವಿಗೆ ಅಸಿಟೈಲ್ ಗುಂಪನ್ನು ಅಂಟಿಸಿಬಿಡುತ್ತದೆ. ಆಮೇಲೆ ಆ ಅಣು, ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮಿಗೆ ಕೂರುವುದಿಲ್ಲ. ಈ ಪ್ಲಾಸ್ಮಿಡ್‌ಗೆ ಒಂದು ವಿಶೇಷವಿದೆ: ಅದು ಚೆನ್ನಾಗಿ ದಾಟುವುದು 30 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಮೈಯ ಬಿಸಿಯಾದ 37 ಡಿಗ್ರಿಯಲ್ಲಿ ಬಹುತೇಕ ದಾಟುವುದೇ ಇಲ್ಲ. ಅಂದರೆ ಈ ಕೊಡುಕೊಳ್ಳುವಿಕೆಗೆ ರೋಗಿಯ ಕರುಳಿಗಿಂತ ಚರಂಡಿ, ಕೊಳಚೆ ನೀರೇ ಅನುಕೂಲದ ಜಾಗ. ಕೊಳಚೆ ಪೈಪೂ ಕುಡಿಯುವ ನೀರಿನ ಪೈಪೂ ಒಂದೇ ಗುಂಡಿಯಲ್ಲಿ ಹಾದುಹೋಗುವ ಊರುಗಳಲ್ಲಿ ರೋಗವೂ ನಿರೋಧಕತೆಯೂ ಒಂದೇ ದಾರಿಯಲ್ಲಿ ಬರುತ್ತವೆ.

ಕ್ಲೋರಾಂಫೆನಿಕಾಲ್ ನಡೆಯದಿದ್ದಲ್ಲಿ ಆಂಪಿಸಿಲಿನ್, ಕೋ-ಟ್ರೈಮೊಕ್ಸಜೋಲ್ ಬಂದವು. 1980ರ ದಶಕದ ಕೊನೆಯ ಹೊತ್ತಿಗೆ ಮೂರಕ್ಕೂ ಒಟ್ಟಿಗೇ ಮಣಿಯದ ಟೈಫಾಯಿಡ್ ಭಾರತ, ಪಾಕಿಸ್ತಾನಗಳಲ್ಲಿ ಹರಡಿತು. ಮೂರೂ ಜೀನ್‌ಗಳು ಒಂದೇ ಪ್ಲಾಸ್ಮಿಡ್‌ನಲ್ಲಿ ಪೋಣಿಸಿಕೊಂಡಿದ್ದವು. ಹಾಗಾಗಿ ಮೂರರಲ್ಲಿ ಯಾವುದನ್ನು ಕೊಟ್ಟರೂ ಉಳಿದೆರಡಕ್ಕೆ ಮಣಿಯದ ಗುಣವೂ ಜೊತೆಗೇ ಬೆಳೆಯುತ್ತಿತ್ತು. ದಕ್ಷಿಣ ಏಷ್ಯಾದಲ್ಲಿ ಹುಟ್ಟಿ ಆಫ್ರಿಕಾದವರೆಗೆ ಹೋದ ಈ ವಂಶಕ್ಕೆ ವಿಜ್ಞಾನಿಗಳು ಎಚ್58 ಎಂದು ಗುರುತಿನ ಹೆಸರಿಟ್ಟಿದ್ದಾರೆ.

ನಂತರದ ಸರದಿ ಸಿಪ್ರೋಫ್ಲಾಕ್ಸಸಿನ್‌ನದು. ಬಾಯಲ್ಲಿ ತೆಗೆದುಕೊಳ್ಳುವ ಮಾತ್ರೆ, ದಿನಕ್ಕೆ ಎರಡೇ ಸಲ, ವಾರದಲ್ಲಿ ಗುಣ. ಇದರ ಸೋಲು ಬೇರೆ ರೀತಿಯದು. ಇಲ್ಲಿ ಹೊರಗಿನಿಂದ ಪ್ಲಾಸ್ಮಿಡ್ ಬರಬೇಕಾಗಿಯೇ ಇರಲಿಲ್ಲ. ಔಷಧ ಹಿಡಿಯುವ ಡಿಎನ್ಎ ಗೈರೇಸ್ ಎಂಬ ಕಿಣ್ವದ 83ನೆಯ ಸ್ಥಾನದಲ್ಲಿ ಸೆರಿನ್ ಎಂಬ ಅಮೈನೋ ಆಮ್ಲ ಹೋಗಿ ಫೀನೈಲ್‌ಅಲನಿನ್ ಬಂದರೆ ಸಾಕು, ಹಿಡಿತ ಸಡಿಲವಾಗುತ್ತದೆ. ಈ ಒಂದೇ ಬದಲಾವಣೆಯಿಂದ ಬ್ಯಾಕ್ಟೀರಿಯಾ ಪೂರ್ತಿ ನಿರೋಧಕವಾಗುವುದಿಲ್ಲ, ಆದರೆ ಅದನ್ನು ತಡೆಯಲು ಬೇಕಾದ ಔಷಧದ ಪ್ರಮಾಣ ಹಲವು ಪಟ್ಟು ಏರುತ್ತದೆ.

ಲ್ಯಾಬುಗಳು ಮೋಸ ಹೋದದ್ದು ಇಲ್ಲೇ. ಬ್ಯಾಕ್ಟೀರಿಯಾ ಹರಡಿದ ಮ್ಯುಲರ್-ಹಿಂಟನ್ ಅಗಾರ್ ಎಂಬ ಪೋಷಕ ಜೆಲ್ಲಿಯ ಮೇಲೆ ಸಿಪ್ರೋ ಸವರಿದ ಪುಟ್ಟ ಕಾಗದದ ಡಿಸ್ಕ್ ಇಟ್ಟರೆ ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತ 25 ಮಿ.ಮೀ. ಬರುತ್ತಿತ್ತು. ಆಗಿನ ನಿಯಮದ ಪ್ರಕಾರ 21 ಮಿ.ಮೀ. ದಾಟಿದರೆ 'ಸೆನ್ಸಿಟಿವ್'. ವರದಿ ಹಾಗೇ ಹೋಗುತ್ತಿತ್ತು, ರೋಗಿಯ ಜ್ವರ ಮಾತ್ರ ಎಂಟು ದಿನವಾದರೂ ಇಳಿಯುತ್ತಿರಲಿಲ್ಲ. ಇದನ್ನು ಪತ್ತೆ ಮಾಡಲು ನೆರವಾದದ್ದು ಟೈಫಾಯಿಡ್ ಚಿಕಿತ್ಸೆಯಲ್ಲೇ ಬಳಸದ ನಾಲಿಡಿಕ್ಸಿಕ್ ಆಸಿಡ್‌ನ 30 ಮೈಕ್ರೋಗ್ರಾಂ ಡಿಸ್ಕ್. ಮೊದಲ ಬದಲಾವಣೆ ಆದೊಡನೆ ಆ ಡಿಸ್ಕಿನ ಸುತ್ತಲ ವೃತ್ತ ಮಾಯವಾಗುತ್ತದೆ. 2012ರಲ್ಲಿ ಅಂತರರಾಷ್ಟ್ರೀಯ ಮಾನದಂಡ ತಿದ್ದುಪಡಿಯಾಗಿ, ಸಿಪ್ರೋ ಕೆಲಸ ಮಾಡುತ್ತದೆ ಎನ್ನಲು ಎಂಐಸಿ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಔಷಧದ ಕನಿಷ್ಠ ಪ್ರಮಾಣ) ಮಿ.ಲೀ.ಗೆ 0.06 ಮೈಕ್ರೋಗ್ರಾಂ ಮೀರಬಾರದು, ವೃತ್ತ ಕನಿಷ್ಠ 31 ಮಿ.ಮೀ. ಇರಬೇಕು ಎಂದಾಯಿತು. ಇಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಕಣ್ಗಾವಲು ಜಾಲದಲ್ಲಿ ಸಿಗುವ ಟೈಫಾಯಿಡ್ ಬ್ಯಾಕ್ಟೀರಿಯಾಗಳಲ್ಲಿ ಶೇ. 95ಕ್ಕಿಂತ ಹೆಚ್ಚಿನವು ಈ ಪರೀಕ್ಷೆ ದಾಟುವುದಿಲ್ಲ. ಹಳೆಯ ನೆನಪಿನ ಮೇಲೆ ಟೈಫಾಯಿಡ್‌ಗೆ ಸಿಪ್ರೋ ಅಥವಾ ಓಫ್ಲಾಕ್ಸಸಿನ್ ಕೊಡುವುದನ್ನು ನಿಲ್ಲಿಸಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ಅದೇ ಜಾಲ ಇನ್ನೊಂದು ಸಂಗತಿಯನ್ನೂ ತೋರಿಸಿದೆ. ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಕೋ-ಟ್ರೈಮೊಕ್ಸಜೋಲ್‌ಗಳಿಗೆ ಭಾರತದ ಟೈಫಾಯಿಡ್ ಮತ್ತೆ ಬಹುಮಟ್ಟಿಗೆ ಮಣಿಯುತ್ತಿದೆ. ಅವುಗಳ ಬಳಕೆ ಕಡಿಮೆಯಾದ ಮೇಲೆ ದೊಡ್ಡ ಪ್ಲಾಸ್ಮಿಡ್ ಹೊತ್ತ ತಳಿಗಳಿಗೆ ಅದರಿಂದ ಲಾಭ ಉಳಿಯಲಿಲ್ಲ, ಪ್ಲಾಸ್ಮಿಡ್ ಇಲ್ಲದವು ಮೇಲುಗೈ ಪಡೆದವು. ಹಾಗಾದರೆ ಸಿಪ್ರೋ ಕೊಡುವುದನ್ನು ಬಿಟ್ಟರೆ ಅದೂ ಮರಳಿ ಬರಬಹುದಲ್ಲ ಎಂದು ಕೇಳಬಹುದು. ಆ ಭರವಸೆ ಕಡಿಮೆ. ಗೈರೇಸ್‌ನ ಬದಲಾವಣೆ ವರ್ಣತಂತುವಿನಲ್ಲೇ ಕೂತಿದೆ, ಬ್ಯಾಕ್ಟೀರಿಯಾಕ್ಕೆ ಅದು ಹೊರೆಯಲ್ಲ. ಔಷಧವೇ ಇಲ್ಲದ ಸ್ಥಿತಿಯಲ್ಲೂ ಇಂಥ ಕೆಲವು ತಳಿಗಳು ಚೆನ್ನಾಗಿ ಬೆಳೆಯುತ್ತವೆಂದು ಪ್ರಯೋಗಗಳು ತೋರಿಸಿವೆ. ಇನ್ನು, ಮರಳಿ ಬಂದ ಕ್ಲೋರಾಂಫೆನಿಕಾಲ್ ಕೂಡ ಸುಲಭದ ಮದ್ದಲ್ಲ: ದಿನಕ್ಕೆ ನಾಲ್ಕು ಸಲದಂತೆ ಎರಡು ವಾರವಾದರೂ ನುಂಗಬೇಕು, ಜ್ವರ ಮರುಕಳಿಸುವುದು ಹೆಚ್ಚು, ಅಪರೂಪಕ್ಕೆ ಮೂಳೆಮಜ್ಜೆಯೇ ಬತ್ತಿಹೋಗುವ ಅಪಾಯವಿದೆ.

ಈಗ ನಾವು ನಿಂತಿರುವುದು ಎರಡು ಔಷಧಗಳ ಮೇಲೆ. ಆಸ್ಪತ್ರೆಗೆ ಸೇರಿಸಿದವರಿಗೆ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ದೊಡ್ಡವರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರಾಂ, 10ರಿಂದ 14 ದಿನ. ಮನೆಯಲ್ಲೇ ಇರುವವರಿಗೆ ಅಜಿತ್ರೋಮೈಸಿನ್, ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 20 ಮಿ.ಗ್ರಾಂ.ವರೆಗೆ, ಒಂದು ವಾರ. ಎರಡರಲ್ಲೂ ಜ್ವರ ಇಳಿಯಲು ನಾಲ್ಕರಿಂದ ಆರು ದಿನ ಹಿಡಿಯುತ್ತದೆ. ಇದು ಗೊತ್ತಿಲ್ಲದೆ ಮೂರನೆಯ ದಿನವೇ ಔಷಧ ಬದಲಿಸುವುದು, ಒಂದರ ಮೇಲೊಂದು ಸೇರಿಸುವುದು ಸಾಮಾನ್ಯವಾಗಿಬಿಟ್ಟಿದೆ. 2016ರ ಕೊನೆಯಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ಹುಟ್ಟಿಕೊಂಡ ತಳಿ ಸೆಫ್ಟ್ರಿಯಾಕ್ಸೋನನ್ನೂ ಸೋಲಿಸಿತು. ಹಳೆಯ ಮೂರು ಔಷಧಗಳು, ಸಿಪ್ರೋ, ಸೆಫ್ಟ್ರಿಯಾಕ್ಸೋನ್ ಎಲ್ಲಕ್ಕೂ ಮಣಿಯದ ಅದಕ್ಕೆ ಉಳಿದದ್ದು ಅಜಿತ್ರೋಮೈಸಿನ್ ಮತ್ತು ದುಬಾರಿ ಮೆರೊಪೆನೆಮ್ ಮಾತ್ರ. ಜೀನೋಮ್ ಓದಿದಾಗ ಕಂಡದ್ದು, ಎಚ್58 ವಂಶದ ಮೇಲೆ ಹೊಸದೊಂದು ಪ್ಲಾಸ್ಮಿಡ್. ಅಜಿತ್ರೋಮೈಸಿನ್‌ಗೂ ಮಣಿಯದ ಟೈಫಾಯಿಡನ್ನು ಢಾಕಾದ ಚೈಲ್ಡ್ ಹೆಲ್ತ್ ರಿಸರ್ಚ್ ಫೌಂಡೇಶನ್‌ನ ವಿಜ್ಞಾನಿಗಳು 2019ರಲ್ಲಿ ವರದಿ ಮಾಡಿದರು. ಔಷಧವನ್ನು ಹೊರಗೆ ತಳ್ಳುವ ಪಂಪಿನ ಜೀನ್‌ನಲ್ಲಿ ಆದ ಒಂದೇ ಒಂದು ಬದಲಾವಣೆ ಅದಕ್ಕೆ ಕಾರಣ.

ಇಷ್ಟೆಲ್ಲ ಆಗುವಾಗಲೂ ನಮ್ಮ ಊರುಗಳಲ್ಲಿ ಟೈಫಾಯಿಡ್ ಎಂದು ಹೇಳುವುದು 1896ರ ವಿಡಾಲ್ ಪರೀಕ್ಷೆಯ ಆಧಾರದ ಮೇಲೆ. ಅದು ಬ್ಯಾಕ್ಟೀರಿಯಾವನ್ನು ಹುಡುಕುವುದಿಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಮೊದಲ ವಾರದಲ್ಲಿ ಅವು ಇನ್ನೂ ಸಾಕಷ್ಟು ಇರುವುದಿಲ್ಲ. ಹಿಂದೆಂದೋ ರೋಗ ಬಂದಿದ್ದರೆ, ಲಸಿಕೆ ಹಾಕಿಸಿದ್ದರೆ, ಈಗ ಬೇರೆ ಜ್ವರವಿದ್ದರೂ ಕಾಣಿಸಿಕೊಳ್ಳಬಹುದು. ಗುಣವಾದ ಮೇಲೆ 'ಟೈಫಾಯಿಡ್ ಇನ್ನೂ ಎಷ್ಟಿದೆ' ಎಂದು ಮತ್ತೆ ಮತ್ತೆ ವಿಡಾಲ್ ಮಾಡಿಸುವುದಕ್ಕೆ ಅರ್ಥವಿಲ್ಲ, ಪ್ರತಿಕಾಯಗಳು ತಿಂಗಳುಗಟ್ಟಲೆ ಉಳಿಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಔಷಧ ನಾಟುತ್ತದೆ ಎಂಬುದನ್ನು ಅದು ಹೇಳಲಾರದು. ನಿರೋಧಕತೆ ಇಷ್ಟು ದಿನ ಕಣ್ಣಿಗೆ ಬೀಳದೆ ಬೆಳೆದದ್ದಕ್ಕೆ ಈ ಪರೀಕ್ಷೆಯ ಮೇಲಿನ ನಂಬಿಕೆಯೂ ಕಾರಣ ಎಂದು ಧೈರ್ಯವಾಗಿ ಹೇಳಬಹುದು.

ಬೇಕಾದದ್ದು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬಾಟಲಿಯಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಅದರಲ್ಲಿ ಸೋಲುವುದು ಬಹುತೇಕ ರಕ್ತದ ಪ್ರಮಾಣದಲ್ಲಿ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಒಂದು ಮಿ.ಲೀ. ರಕ್ತಕ್ಕೆ ಒಂದು ಬ್ಯಾಕ್ಟೀರಿಯಾ ಕೂಡ ಇರುವುದಿಲ್ಲ. ದೊಡ್ಡವರಿಂದ ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ. ತೆಗೆಯಬೇಕಾದಲ್ಲಿ 2 ಮಿ.ಲೀ. ಹಾಕಿ ಕಳಿಸಿದರೆ 'ಬೆಳವಣಿಗೆ ಇಲ್ಲ' ಎಂಬ ವರದಿ ಬರುವುದು ಸಹಜ. ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಅಥವಾ ಕ್ಲೋರ್‌ಹೆಕ್ಸಿಡಿನ್ ಪೂರ್ತಿ ಒಣಗುವವರೆಗೆ ಕಾಯಬೇಕು, ಇಲ್ಲದಿದ್ದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬಾಟಲಿಗೆ ಸೇರುತ್ತದೆ. ರಕ್ತ ಹಾಕಿದ ಬಾಟಲಿಯನ್ನು ಫ್ರಿಜ್‌ನಲ್ಲಿ ಇಡಬಾರದು. ಎಲ್ಲಕ್ಕೂ ಮೊದಲು, ಮೆಡಿಕಲ್ ಶಾಪಿನಿಂದ ತಂದ ಸೆಫಿಕ್ಸಿಮ್ ಎರಡು ದಿನ ನುಂಗಿಬಿಟ್ಟಿದ್ದರೆ ಬ್ಯಾಕ್ಟೀರಿಯಾ ಬೆಳೆಯುವ ಸಾಧ್ಯತೆ ತೀರಾ ಕಡಿಮೆಯಾಗುತ್ತದೆ. ಎಲ್ಲವೂ ಸರಿಯಾಗಿದ್ದರೂ ನೂರರಲ್ಲಿ ಅರುವತ್ತು ಟೈಫಾಯಿಡ್‌ಗಳನ್ನಷ್ಟೇ ಕಲ್ಚರ್ ಹಿಡಿಯುತ್ತದೆ. ಆ ಅರುವತ್ತರಿಂದಲೇ ಒಂದು ಊರಿನಲ್ಲಿ ಯಾವ ಔಷಧ ಉಳಿದಿದೆ ಎಂಬ ಲೆಕ್ಕ ಸಿಗುವುದು.

ಔಷಧದ ಆಚೆಗೆ ನೋಡಿದರೆ ನೀರು ಮೊದಲು, ಲಸಿಕೆ ಆಮೇಲೆ. ತೆಲಂಗಾಣದ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಕಾಂಜುಗೇಟ್ (ಬ್ಯಾಕ್ಟೀರಿಯಾದ ಪೊರೆಯ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿದ) ಲಸಿಕೆಯನ್ನು ಆರು ತಿಂಗಳ ಮಗುವಿನಿಂದಲೇ, ಒಂದೇ ಡೋಸಿನಲ್ಲಿ ಕೊಡಬಹುದು. ನೇಪಾಳ, ಬಾಂಗ್ಲಾದೇಶ, ಮಲಾವಿಗಳ ದೊಡ್ಡ ಪ್ರಯೋಗಗಳಲ್ಲಿ ಅದು ಶೇ. 80ರ ಆಸುಪಾಸಿನ ರಕ್ಷಣೆ ಕೊಟ್ಟಿತು. ಸಿಂಧ್‌ನಲ್ಲಿ ಹೊಸ ತಳಿಯನ್ನು ಎದುರಿಸಲು ಇದನ್ನೇ ಬಳಸಿದರು, ನವಿ ಮುಂಬೈ ಪಾಲಿಕೆ 2018ರಲ್ಲಿ ಮಕ್ಕಳಿಗೆ ಹಾಕಿಸಿತು. ಆದರೆ ಈ ಲಸಿಕೆ ಗುರಿಯಿಡುವುದು ಬ್ಯಾಕ್ಟೀರಿಯಾದ ಹೊರಗಿನ ವಿ-ಐ ಪೊರೆಯನ್ನು. ಹೆಚ್ಚುಕಡಿಮೆ ಇಂಥದೇ ಜ್ವರ ತರುವ ಪ್ಯಾರಾಟೈಫಿ-ಎ ಎಂಬ ಬ್ಯಾಕ್ಟೀರಿಯಾಕ್ಕೆ ಆ ಪೊರೆಯೇ ಇಲ್ಲ. ಲಸಿಕೆ ಹಾಕಿಸಿಕೊಂಡ ಮಗುವಿಗೆ ಐದನೆಯ ದಿನವೂ ಜ್ವರ ಏರುತ್ತಿದ್ದರೆ, ಔಷಧ ಶುರುಮಾಡುವ ಮೊದಲು ಕಲ್ಚರ್ ಬಾಟಲಿ ತುಂಬಿಸುವುದು ಆಗಲೂ ತಪ್ಪುವುದಿಲ್ಲ.